ನೋಯದ ಗಂಟು

ಲಿಂಗಸುಗೂರಿನ ಸುತ್ತಣ ಎರೆಹೊಲಗಳಲ್ಲಿ ಹತ್ತಿ ಒಡೆದು ನಿಂತಿರುವ ಕಾಲ. ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ ಎದ್ದು, ರೊಟ್ಟಿ ಬಡಿದು, ಬುತ್ತಿ ಕಟ್ಟಿಟ್ಟು, ಅವಸರದಲ್ಲಿ ಮೈಮೇಲೆ ನಾಲ್ಕು ತಂಬಿಗೆ ನೀರು ಹಾಕಿಕೊಳ್ಳುತ್ತಿರುವ ಹೆಣ್ಣುಮಗಳ ಕೈಗೆ ಎಡದ ಎದೆಯಲ್ಲಿ ಏನೋ ತಗಲುತ್ತದೆ. ಕಡಲೆಕಾಳಿಗಿಂತ ದೊಡ್ಡದು, ಅಡಕೆಗಿಂತ ಚಿಕ್ಕದು. ಒತ್ತಿ ನೋಡುತ್ತಾಳೆ, ನೋಯುವುದಿಲ್ಲ. ಅವಳಿಗೆ ನಲವತ್ತರ ಮೇಲೆ ಒಂದೆರಡು ವರ್ಷವಾಗಿರಬಹುದು. ಹೊಲದ ಹಾದಿಯಲ್ಲಿ ನೆಗೆಣ್ಣಿಯ ಕಿವಿಯಲ್ಲಿ ಮೆಲ್ಲಗೆ ಹೇಳುತ್ತಾಳೆ.

“ಯಕ್ಕಾ, ಎದಿಯಾಗ ಸಣ್ಣ ಗಂಟು ಆಗೈತಿ.”

“ನೋಯ್ತದೇನು?”

“ಇಲ್ಲ, ನೋವೇನೂ ಇಲ್ಲ.”

“ನೋವಿಲ್ಲಂದ್ರ ಏನಾಗಂಗಿಲ್ಲ ಬಿಡವ್ವ. ಹತ್ತಿ ಬಿಡಿಸೂದು ಮುಗೀಲಿ, ಆಮ್ಯಾಲೆ ನೋಡೂಣು.”

ಇದು ಯಾವಳೋ ಒಬ್ಬಳ ಮನೆಯ ಮಾತೆಂದು ಓದುಗರು ತಿಳಿಯಬೇಕಾಗಿಲ್ಲ. ಸಿಂಧನೂರಿನ ಕಾಲುವೆಯ ಕೆಳಗಿನ ಭತ್ತದ ಗದ್ದೆಯಲ್ಲಿ, ಮಸ್ಕಿಯ ಸಂತೆಯಲ್ಲಿ, ಮುದಗಲ್ಲಿನ ಕೋಟೆಯೊಳಗಣ ಓಣಿಯಲ್ಲಿ ಎಲ್ಲಿ ಬೇಕಾದರೂ ಕೇಳಿಬರಬಹುದಾದ ಮಾತು. ಅದರಲ್ಲಿ ಪ್ರೀತಿಯಿದೆ, ಸಮಾಧಾನವಿದೆ. ದುಡಿಮೆಯ ದಿನ ತಪ್ಪಬಾರದೆಂಬ ವಿವೇಕವೂ ಇದೆ. ಇಲ್ಲದಿರುವುದು ಒಂದೇ ಒಂದು ತಿಳಿವಳಿಕೆ: ಸ್ತನದಲ್ಲಿ ಹುಟ್ಟುವ ಕ್ಯಾನ್ಸರಿನ ಗಂಟು ಮೊದಮೊದಲು ಸಾಮಾನ್ಯವಾಗಿ ನೋಯುವುದಿಲ್ಲ.

ದುಡಿದು ಉಣ್ಣುವವರ ಮನೆಯಲ್ಲಿ ನೋವೇ ದವಾಖಾನೆಗೆ ಹೋಗುವ ರಹದಾರಿ. ಜ್ವರದಿಂದ ಮೈ ಸುಟ್ಟರೆ, ಹೊಟ್ಟೆ ಮುರಿದರೆ, ಚೇಳು ಕಡಿದರೆ ಕೂಲಿ ಬಿಟ್ಟು ಹೋಗಲು ಯಾರ ಅಡ್ಡಿಯೂ ಇಲ್ಲ. ನೋವಿಲ್ಲದವಳು ಹೊರಟುನಿಂತರೆ ಮನೆಯವರಿಗೆ ಅದು ಸೋಗಾಗಿ ಕಾಣುತ್ತದೆ. ಅಷ್ಟೇಕೆ, ಅವಳಿಗೇ ಹಾಗೆ ಕಾಣುತ್ತದೆ. ನೂರು ಕಾಯಿಲೆಗಳಲ್ಲಿ ತೊಂಬತ್ತಕ್ಕೆ ಈ ಲೆಕ್ಕ ಸರಿಹೋಗುತ್ತಿದ್ದೀತು. ಆದರೆ ಈ ಒಂದು ಕಾಯಿಲೆಯಲ್ಲಿ ಅದು ತಲೆಕೆಳಗಾಗುತ್ತದೆ. ಗಂಟು ನೋಯುವ ಹೊತ್ತಿಗೆ, ಚರ್ಮ ಒಡೆದು ಹುಣ್ಣಾಗುವ ಹೊತ್ತಿಗೆ, ಕಂಕುಳಲ್ಲಿ ಗಡ್ಡೆ ಕಟ್ಟುವ ಹೊತ್ತಿಗೆ ಕಾಯಿಲೆ ಬಹಳ ದೂರ ನಡೆದುಬಿಟ್ಟಿರುತ್ತದೆ.

ಹಾಗೆಂದು ಎದೆಯಲ್ಲಿ ಕೈಗೆ ಸಿಕ್ಕ ಗಂಟೆಲ್ಲ ಕ್ಯಾನ್ಸರ್ ಎಂದು ಬೆದರಬೇಕಾಗಿಲ್ಲ. ಅಂಥ ಗಂಟುಗಳಲ್ಲಿ ಹೆಚ್ಚಿನವು ನಿರುಪದ್ರವಿಗಳು. ಹಾಲು ಕಟ್ಟಿದ್ದು, ನೀರು ತುಂಬಿದ ಚೀಲ, ಹರೆಯದವರಲ್ಲಿ ಕಾಣಿಸುವ ಜಾರುವ ಗಡ್ಡೆ ಮುಂತಾದವು. ಆದರೆ ಯಾವುದು ನಿರುಪದ್ರವಿ, ಯಾವುದು ಅಲ್ಲ ಎಂಬುದನ್ನು ನೆಗೆಣ್ಣಿಯಾಗಲಿ, ಊರ ಹಿರಿಯಳಾಗಲಿ, ಕೇವಲ ಕೈಮುಟ್ಟಿ ನೋಡಿದ ವೈದ್ಯನೇ ಆಗಲಿ ಖಚಿತವಾಗಿ ಹೇಳಲಾರರು. ಚಿತ್ರ ತೆಗೆದು, ಸೂಜಿಯಿಂದ ಚೂರು ತುಣುಕನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಬೇಕು. ಹೊಸ ಗಂಟು, ಎದೆಯ ಆಕಾರದಲ್ಲಿ ವ್ಯತ್ಯಾಸ, ಕಿತ್ತಳೆಯ ಸಿಪ್ಪೆಯಂತೆ ಕುಳಿಬಿದ್ದ ಚರ್ಮ, ಹೊಸದಾಗಿ ಒಳಸರಿದ ತೊಟ್ಟು, ತೊಟ್ಟಿನಿಂದ ರಕ್ತ, ಮಾಯದ ಹುಣ್ಣು, ಕಂಕುಳ ಗಡ್ಡೆ - ಇವುಗಳಲ್ಲಿ ಯಾವೊಂದು ಕಂಡರೂ ಪರೀಕ್ಷೆ ಆಗಲೇಬೇಕು. ಗಂಡಸರಿಗೂ ಈ ರೋಗ ಬರುವುದುಂಟು. ಆದರೆ ಅತಿ ವಿರಳ.

ಈ ರೋಗ ಸಿರಿವಂತ ನಾಡುಗಳದೆಂಬ ಭಾವನೆ ಬಹುಕಾಲ ಇತ್ತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕವನ್ನು ನೋಡಿದರೆ ಆ ಭಾವನೆಯ ಇನ್ನೊಂದು ಮುಖ ಕಾಣುತ್ತದೆ. ಅತ್ಯಂತ ಮುಂದುವರಿದ ದೇಶಗಳಲ್ಲಿ ಜೀವಮಾನದಲ್ಲಿ ೧೨ ಮಂದಿ ಹೆಂಗಸರಲ್ಲಿ ಒಬ್ಬಳಿಗೆ ಸ್ತನ ಕ್ಯಾನ್ಸರ್ ಪತ್ತೆಯಾಗುತ್ತದೆ. ಅದರಿಂದ ಸಾಯುವವಳು ೭೧ ಮಂದಿಯಲ್ಲಿ ಒಬ್ಬಳು. ಅತ್ಯಂತ ಹಿಂದುಳಿದ ದೇಶಗಳಲ್ಲಿ ಪತ್ತೆಯಾಗುವುದು ೨೭ ಮಂದಿಯಲ್ಲಿ ಒಬ್ಬಳಿಗೆ ಮಾತ್ರ. ಆದರೆ ಸಾಯುವವಳು ೪೮ ಮಂದಿಯಲ್ಲಿ ಒಬ್ಬಳು. ಕಾಯಿಲೆ ಕಡಿಮೆ, ಸಾವು ಹೆಚ್ಚು! ರೋಗ ಪತ್ತೆಯಾದ ಮೇಲೆ ಐದು ವರ್ಷ ಬದುಕಿರುವವರು ಸಿರಿವಂತ ದೇಶಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು. ಭಾರತದಲ್ಲಿ ೬೬ ಎಂದು ಅದೇ ಸಂಸ್ಥೆ ಹೇಳುತ್ತದೆ. ೨೦೨೨ರ ಅಂದಾಜಿನಂತೆ ಆ ಒಂದು ವರ್ಷದಲ್ಲಿ ಭಾರತದಲ್ಲಿ ಸುಮಾರು ೧,೯೨,೦೦೦ ಹೆಂಗಸರಿಗೆ ಈ ರೋಗ ಹೊಸದಾಗಿ ಕಂಡಿತು. ಸುಮಾರು ೯೮,೦೦೦ ಮಂದಿ ಇದರಿಂದ ತೀರಿಕೊಂಡರು.

ರೋಗಕ್ಕೆ ಬಡವ ಬಲ್ಲಿದನೆಂಬ ಭೇದ ತಿಳಿಯದು. ಭೇದವಿರುವುದು ಗಂಟು ಕೈಗೆ ಸಿಕ್ಕಿದ ದಿನಕ್ಕೂ ಚಿಕಿತ್ಸೆ ಮುಗಿದ ದಿನಕ್ಕೂ ನಡುವಣ ಹಾದಿಯಲ್ಲಿ. ಆ ಹಾದಿ ಲಿಂಗಸುಗೂರಿನಲ್ಲಿ ಹೇಗಿದೆ ಎಂಬುದನ್ನು ಇಲ್ಲಿ ನೋಡಬಹುದು.

ಲಿಂಗಸುಗೂರು ಇಂದು ರಾಯಚೂರು ಜಿಲ್ಲೆಯ ಒಂದು ತಾಲೂಕಾದರೂ ನಿಜಾಮರ ಆಳ್ವಿಕೆಯಲ್ಲಿ, ೧೯೦೫ರವರೆಗೆ, ಅದೇ ಒಂದು ಜಿಲ್ಲೆಯಾಗಿತ್ತು. ೧೯೫೬ರ ನವೆಂಬರ್ ೧ರವರೆಗೆ ಈ ಸೀಮೆ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಅದಕ್ಕೆ ಒಂದು ವರ್ಷ ಮುಂಚೆ, ೧೯೫೫ರಲ್ಲಿ, ಹೈದರಾಬಾದಿನಲ್ಲಿ ಮೆಹದಿ ನವಾಜ್ ಜಂಗ್ ಅವರ ಹೆಸರಿನ ಕ್ಯಾನ್ಸರ್ ಆಸ್ಪತ್ರೆ ಸ್ಥಾಪನೆಯಾಯಿತು. ಮರುವರ್ಷವೇ ರಾಜ್ಯಗಳ ಪುನರ್ವಿಂಗಡಣೆಯಾಗಿ ಲಿಂಗಸುಗೂರು ಮೈಸೂರು ರಾಜ್ಯಕ್ಕೆ ಬಂದಿತು. ಕನ್ನಡ ಕನ್ನಡವನ್ನು ಕೂಡಿದ್ದು ಸಂತೋಷದ ಸಂಗತಿಯೇ ಸರಿ. ಆದರೆ ಇಲ್ಲಿಯ ರೋಗಿಗೆ ರಾಜಧಾನಿ ನಾಲ್ಕುನೂರು ಕಿಲೋಮೀಟರಿಗೂ ದೂರ ಸರಿಯಿತು. ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ ತೆರೆದದ್ದು ೧೯೭೩ರಲ್ಲಿ.

ಇಂದು ದಾರಿಗಳು ಮೊದಲಿಗಿಂತ ಹೆಚ್ಚಾಗಿವೆ. ಸುಮಾರು ತೊಂಬತ್ತು ಕಿಲೋಮೀಟರು ದೂರದ ರಾಯಚೂರಿನಲ್ಲಿ ೨೦೦೭ರಲ್ಲಿ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯ ಬಂದಿತು. ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯದೇ ಶಾಖೆಯಿದೆ. ಹುಬ್ಬಳ್ಳಿಯ ನವನಗರದಲ್ಲಿ ಡಾಕ್ಟರ್ ಆರ್. ಬಿ. ಪಾಟೀಲರು ಕಟ್ಟಿದ ಕ್ಯಾನ್ಸರ್ ಆಸ್ಪತ್ರೆಯಿದೆ. ಬಳ್ಳಾರಿಯಲ್ಲಿ ೧೯೬೧ರಿಂದ ವೈದ್ಯಕೀಯ ಕಾಲೇಜಿದೆ. ಆಸ್ಪತ್ರೆಯೇ ಇಲ್ಲವೆಂದು ಈಗ ಯಾರೂ ಹೇಳುವಂತಿಲ್ಲ. ಹಾಗಾದರೆ ತೊಡಕೆಲ್ಲಿದೆ?

ತೊಡಕಿರುವುದು ಹೋಗಿಬರುವ ಸಲಗಳ ಎಣಿಕೆಯಲ್ಲಿ. ದೂರವನ್ನು ಕಿಲೋಮೀಟರುಗಳಲ್ಲಿ ಅಳೆಯುವುದು ನಕಾಶೆ ಬರೆಯುವವರ ಪದ್ಧತಿ. ಕೂಲಿಯ ಹೆಣ್ಣುಮಗಳು ಅದನ್ನು ತಪ್ಪಿದ ದಿನಗಳಲ್ಲಿ ಅಳೆಯುತ್ತಾಳೆ. ತಾಲೂಕು ಆಸ್ಪತ್ರೆಗೆ ಒಂದು ದಿನ. ಅಲ್ಲಿಂದ ಚೀಟಿ ಹಿಡಿದು ಜಿಲ್ಲಾ ಆಸ್ಪತ್ರೆಗೆ ಒಂದು ದಿನ. ಚಿತ್ರಕ್ಕೆ, ತುಣುಕು ಪರೀಕ್ಷೆಗೆ ಇನ್ನೊಂದು. ವರದಿ ತರಲು ಮತ್ತೊಂದು. ರೋಗ ನಿಶ್ಚಯವಾದ ಮೇಲೆ ದೊಡ್ಡ ಆಸ್ಪತ್ರೆಯ ಹಾದಿ. ಶಸ್ತ್ರಚಿಕಿತ್ಸೆಗೆ ಕೆಲವು ದಿನಗಳ ವಾಸ. ಕೀಮೋಥೆರಪಿ ಎಂಬ ಔಷಧಿಯನ್ನು ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆಯಂತೆ ಆರರಿಂದ ಎಂಟು ಸಲ ಏರಿಸಬೇಕು. ಆ ಬಳಿಕ ಹಲವರಿಗೆ ವಿಕಿರಣ ಚಿಕಿತ್ಸೆ. ಅದು ವಾರಕ್ಕೆ ಐದು ದಿನದಂತೆ ಕೆಲವು ವಾರ ಬಿಡದೆ ನಡೆಯಬೇಕು. ಎಲ್ಲವನ್ನೂ ಕೂಡಿಸಿದರೆ ಒಂದು ವರ್ಷದಲ್ಲಿ ಹನ್ನೆರಡು ಹದಿನಾಲ್ಕು ಸಲವಾದರೂ ಊರು ಬಿಡಬೇಕಾಗುತ್ತದೆ. ಒಬ್ಬಳೇ ಹೋಗುವಂತಿಲ್ಲ, ಜೊತೆಗೆ ಮಗನೋ, ತಮ್ಮನೋ, ಗಂಡನೋ ಬೇಕು. ಎರಡು ಕೂಲಿ ಒಮ್ಮೆಗೇ ನಿಂತಿತು. ಮನೆಯಲ್ಲಿ ಎಮ್ಮೆಯಿದ್ದರೆ ಅದಕ್ಕೆ ಹುಲ್ಲು ಹಾಕುವವರು ಯಾರು? ಶಾಲೆಯಿಂದ ಬಂದ ಮಕ್ಕಳಿಗೆ ರೊಟ್ಟಿ ಹಾಕುವವರು ಯಾರು? ಗುಳೆ ಹೋಗುವ ಕಾಲ ಬಂದರೆ ಚಿಕಿತ್ಸೆಯನ್ನು ಮುಂದುವರಿಸುವುದೋ, ಹೊಟ್ಟೆಪಾಡನ್ನು ನೋಡುವುದೋ?

ಹಣದ ವಿಷಯದಲ್ಲಿ ಒಂದು ಒಳ್ಳೆಯ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಏಕೆಂದರೆ ಅದರ ಆರಂಭವಾದದ್ದು ಈ ಸೀಮೆಯಲ್ಲಿಯೇ. ೨೦೧೦ರಲ್ಲಿ ಕರ್ನಾಟಕ ಸರಕಾರವು ವಾಜಪೇಯಿ ಆರೋಗ್ಯಶ್ರೀ ಎಂಬ ಯೋಜನೆಯನ್ನು ಮೊದಲು ರಾಯಚೂರು ಜಿಲ್ಲೆಯನ್ನೊಳಗೊಂಡ ಗುಲ್ಬರ್ಗ ವಿಭಾಗದಲ್ಲಿ ಜಾರಿಗೆ ತಂದಿತು. ಬಡತನದ ರೇಖೆಗಿಂತ ಕೆಳಗಿನ ಕುಟುಂಬದವರಿಗೆ ಹೃದ್ರೋಗ, ಕ್ಯಾನ್ಸರ್ ಮುಂತಾದ ದೊಡ್ಡ ಕಾಯಿಲೆಗಳ ಚಿಕಿತ್ಸೆಯನ್ನು ದೊಡ್ಡ ಆಸ್ಪತ್ರೆಗಳಲ್ಲಿ ಹಣ ಪಡೆಯದೆ ಮಾಡುವುದು ಅದರ ಉದ್ದೇಶ. ಆಸ್ಪತ್ರೆಯವರೇ ಹಳ್ಳಿಗಾಡಿಗೆ ಬಂದು ಶಿಬಿರ ನಡೆಸಿ ರೋಗಿಗಳನ್ನು ಗುರುತಿಸುವ ಏರ್ಪಾಡೂ ಇತ್ತು. ಮೊದಲು ಉತ್ತರದ ಜಿಲ್ಲೆಗಳಲ್ಲಿ ಜಾರಿಯಾಗಿ ದಕ್ಷಿಣಕ್ಕೆ ಇನ್ನೂ ತಲುಪದ ಸಮಯದಲ್ಲಿ, ಯೋಜನೆಯ ಗಡಿಯ ಆಚೀಚಿನ ಹಳ್ಳಿಗಳನ್ನು ಹೋಲಿಸಿ ಸಂಶೋಧಕರು ಒಂದು ಅಧ್ಯಯನ ಮಾಡಿದರು. ಯೋಜನೆ ಇದ್ದ ೩೦೦ ಹಳ್ಳಿ, ಇಲ್ಲದ ೨೭೨ ಹಳ್ಳಿ. ಅದರ ಫಲಿತಾಂಶ ೨೦೧೪ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಪ್ರಕಟವಾಯಿತು. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಬಡಕುಟುಂಬಗಳಲ್ಲಿ ಸಂಭವಿಸಿದ ಸಾವು, ಯೋಜನೆಯಿದ್ದ ಕಡೆ ನೂರಕ್ಕೆ ೦.೩೨, ಇಲ್ಲದ ಕಡೆ ೦.೯೦. ಯೋಜನೆಗೆ ಒಳಪಡದ ಕಾಯಿಲೆಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಬಡವರ ಕೈಯಿಂದ ಆಸ್ಪತ್ರೆಯ ಖರ್ಚನ್ನು ಇಳಿಸಿದರೆ ಜೀವ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಆ ಯೋಜನೆ ೨೦೧೮ರಲ್ಲಿ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಲೀನವಾಯಿತು. ಅದರಂತೆ ಬಿಪಿಎಲ್ ಪಡಿತರ ಚೀಟಿಯ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ನೆರವುಂಟು. ಉಳಿದವರಿಗೆ ನಿಗದಿಯಾದ ವೆಚ್ಚದ ನೂರಕ್ಕೆ ಮೂವತ್ತರಷ್ಟು. ಮೊದಲು ಸರಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದ ಚಿಕಿತ್ಸೆಗೆ ಅವರಿಂದಲೇ ಶಿಫಾರಸಿನ ಚೀಟಿ ಪಡೆಯಬೇಕು. ಈ ಒಂದು ಕಾಗದದ ಸಂಗತಿ ತಿಳಿಯದೆ ನೇರವಾಗಿ ಖಾಸಗಿ ಬಾಗಿಲಿಗೆ ಹೋಗಿ ಹೊಲ ಒತ್ತೆಯಿಟ್ಟವರಿಗೆ, ತಿಳಿವಳಿಕೆ ಬರುವ ಹೊತ್ತಿಗೆ ಹೊಲವೂ ಹೋಗಿರುತ್ತದೆ, ಕಾಲವೂ ಹೋಗಿರುತ್ತದೆ. ೨೦೨೩ರ ಜೂನಿನಿಂದ ಶಕ್ತಿ ಯೋಜನೆಯಡಿ ರಾಜ್ಯದೊಳಗೆ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲ. ಕಲಬುರಗಿಗೋ ಹುಬ್ಬಳ್ಳಿಗೋ ಪದೇ ಪದೇ ಹೋಗಬೇಕಾದ ರೋಗಿಣಿಗೆ ಇದು ಸಣ್ಣ ಉಪಕಾರವಲ್ಲ. ಜೊತೆಗೆ ಬರುವ ತಂಗಿಗೂ ಅದು ಸಲ್ಲುತ್ತದೆ.

ಆದರೆ ತಪ್ಪಿದ ಕೂಲಿಗೆ, ಪರವೂರಿನ ಊಟಕ್ಕೆ, ತಂಗುವ ಜಾಗಕ್ಕೆ, ಮನೆಯಲ್ಲಿ ಬಿಟ್ಟುಬಂದ ಮಕ್ಕಳಿಗೆ ಯಾವ ಚೀಟಿಯೂ ಇಲ್ಲ. ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಇಲ್ಲಿಯೇ. ಎರಡು ಸಲ ಔಷಧಿ ಏರಿಸಿದೊಡನೆ ಗಂಟು ಕುಗ್ಗುವುದುಂಟು. ಕೂದಲು ಉದುರಿ, ವಾಂತಿಯಾಗಿ, ಮೈ ಬಳಲಿರುತ್ತದೆ. “ಗಂಟು ಕರಗೈತಿ, ಇನ್ನ ಯಾಕ ಹೋಗೂದು?” ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ. ಕೈಗೆ ಸಿಗದಂತಾದುದು ಇಲ್ಲವಾಯಿತೆಂದಲ್ಲ ಎಂಬುದನ್ನು ಅವರಿಗೆ ಹೇಳುವವರಿರುವುದಿಲ್ಲ. ಆರು ತಿಂಗಳಲ್ಲೋ ವರ್ಷದಲ್ಲೋ ಅದು ಮರಳಿ ಬಂದರೆ, “ದೊಡ್ಡ ದವಾಖಾನಿಗೆ ಹೋದರೂ ಉಳಿಲಿಲ್ಲ” ಎಂಬ ಮಾತು ಊರಲ್ಲಿ ಉಳಿಯುತ್ತದೆ. ಮುಂದಿನವಳು ಹೋಗುವುದಕ್ಕೇ ಹಿಂಜರಿಯುತ್ತಾಳೆ.

ಆದುದರಿಂದಲೇ ಹೋಗಿಬರುವ ಸಲಗಳನ್ನು ಕಡಿಮೆ ಮಾಡುವ ಯಾವುದೇ ಉಪಾಯ, ಹೊಸದೊಂದು ಔಷಧಿಯಷ್ಟೇ ಬೆಲೆಯುಳ್ಳದ್ದು. ವಿಕಿರಣ ಚಿಕಿತ್ಸೆಯನ್ನೇ ನೋಡಬಹುದು. ಹಿಂದೆ ಅದು ಐದು ವಾರ ನಡೆಯುತ್ತಿತ್ತು. ಇಂಗ್ಲೆಂಡಿನ ದೀರ್ಘ ಅಧ್ಯಯನಗಳು ಮೂರು ವಾರ ಸಾಕೆಂದು ತೋರಿಸಿದವು. ೨೦೨೦ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಆರಂಭದ ಹಂತದ ೪,೦೯೬ ರೋಗಿಗಳನ್ನು ಸೇರಿಸಿಕೊಂಡು, ಒಂದೇ ವಾರದಲ್ಲಿ ಐದು ಸಲ ಕೊಟ್ಟ ವಿಕಿರಣವು ಮೂರು ವಾರದ ಚಿಕಿತ್ಸೆಗಿಂತ ಐದು ವರ್ಷಗಳ ಲೆಕ್ಕದಲ್ಲಿ ಕೀಳಲ್ಲವೆಂದು ಕಂಡುಕೊಂಡರು. ಎಲ್ಲ ರೋಗಿಗಳಿಗೂ ಇದು ಹೊಂದುವುದಿಲ್ಲ. ಯಾರಿಗೆ ಹೊಂದುತ್ತದೆ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಆದರೆ ಲಂಡನ್ನಿನವಳಿಗೆ ಎರಡು ವಾರದ ಅನುಕೂಲವಾಗಿ ಕಾಣುವುದು ಲಿಂಗಸುಗೂರಿನವಳಿಗೆ ಚಿಕಿತ್ಸೆ ಮುಗಿಸುವುದಕ್ಕೂ ಬಿಡುವುದಕ್ಕೂ ನಡುವಣ ಅಂತರವಾಗಬಹುದು. ಇದೇ ವಿಚಾರದಿಂದ ೨೦೨೫ರಲ್ಲಿ ರಾಜ್ಯ ಸರಕಾರವು ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಹಗಲು ಕೀಮೋಥೆರಪಿ ಕೇಂದ್ರಗಳನ್ನು ತೆರೆಯಿತು. ದೊಡ್ಡ ಆಸ್ಪತ್ರೆಯ ತಜ್ಞರು ಚಿಕಿತ್ಸೆಯ ಕ್ರಮವನ್ನು ಬರೆದುಕೊಟ್ಟರೆ, ಜಿಲ್ಲೆಯಲ್ಲಿಯೇ ಬೆಳಿಗ್ಗೆ ಔಷಧಿ ಏರಿಸಿಕೊಂಡು ಸಂಜೆಗೆ ಮನೆ ಸೇರುವ ಏರ್ಪಾಡು ಅದು. ಅಂಥ ಕೇಂದ್ರ ಪ್ರತಿಯೊಂದು ಜಿಲ್ಲೆಗೂ ಬೇಕು. ಬಂದ ಮೇಲೆ ಅಲ್ಲಿ ಔಷಧಿ ಯಾವಾಗಲೂ ಇರಬೇಕು.

ಔಷಧಿಗಳೆಲ್ಲ ದುಬಾರಿಯೆಂಬ ಭಯವೂ ಪೂರ್ತಿ ನಿಜವಲ್ಲ. ಹಲವರ ಗಂಟು ಸ್ತ್ರೀಹಾರ್ಮೋನಿನ ಬಲದಿಂದ ಬೆಳೆಯುವಂಥದು. ತುಣುಕು ಪರೀಕ್ಷೆಯಲ್ಲಿಯೇ ಇದು ಗೊತ್ತಾಗುತ್ತದೆ. ಅಂಥವರು ಟಮಾಕ್ಸಿಫೆನ್ ಎಂಬ ಅಗ್ಗದ ಗುಳಿಗೆಯನ್ನು ದಿನಕ್ಕೊಂದರಂತೆ ಐದು ವರ್ಷ ತೆಗೆದುಕೊಂಡರೆ ಆ ರೋಗದಿಂದಾಗುವ ಸಾವು ಸುಮಾರು ಮೂರನೆಯ ಒಂದು ಭಾಗದಷ್ಟು ತಗ್ಗುತ್ತದೆಂದು ಲೋಕದ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೧೧ರಲ್ಲಿ ಲೆಕ್ಕಹಾಕಲಾಯಿತು. ಸುಮಾರು ಐವರಲ್ಲಿ ಒಬ್ಬಳ ಗಂಟಿಗೆ ಬೇಕಾಗುವ ಟ್ರಾಸ್ಟುಜುಮಾಬ್ ಎಂಬ ಔಷಧಿ ಮಾತ್ರ ಬಹಳ ದುಬಾರಿಯಾಗಿತ್ತು. ಬೆಂಗಳೂರಿನ ಬಯೋಕಾನ್ ಸಂಸ್ಥೆ ೨೦೧೪ರಲ್ಲಿ ಅದರ ಸಮಾನವಾದುದೊಂದನ್ನು ಕಡಿಮೆ ಬೆಲೆಗೆ ಮಾರುಕಟ್ಟೆಗೆ ತಂದಿತು. ಅದೂ ಕೂಲಿಯವರ ಕೈಗೆ ಎಟಕುವ ಬೆಲೆಯಲ್ಲ. ಆರೋಗ್ಯ ಯೋಜನೆಯ ಹೆಗಲು ಅದಕ್ಕೆ ಬೇಕೇ ಬೇಕು. ಆದರೆ ಗುಳಿಗೆಗೆ ಬೇಕಾದುದು ಹಣವಲ್ಲ, ನೆನಪು. ಐದು ವರ್ಷ ದಿನವೂ ಒಂದು ಗುಳಿಗೆ ನುಂಗುವಂತೆ ನೆನಪಿಸುವ ಒಬ್ಬ ಮನೆಯವರು ಬೇಕು, ತಾಲೂಕಿನ ಔಷಧ ಭಂಡಾರದಲ್ಲಿ ಆ ಗುಳಿಗೆ ತಪ್ಪದೆ ಸಿಗಬೇಕು.

ಇಷ್ಟೆಲ್ಲ ಆಗುವುದು ಗಂಟು ಪತ್ತೆಯಾದ ಮೇಲೆ. ಪತ್ತೆ ಮಾಡುವುದು ಹೇಗೆ? ಪರದೇಶಗಳಲ್ಲಿ ಮ್ಯಾಮೋಗ್ರಾಂ ಎಂಬ ಎಕ್ಸ್‌ರೇ ಚಿತ್ರವನ್ನು ಎರಡು ಮೂರು ವರ್ಷಕ್ಕೊಮ್ಮೆ ತೆಗೆಯುತ್ತಾರೆ. ಪ್ರತಿ ತಾಲೂಕಿಗೂ ಅಂಥ ಯಂತ್ರ ತಂದಿಟ್ಟರೆ ಆಯಿತಲ್ಲವೆ ಎಂದು ಕೇಳುವವರುಂಟು. ಯಂತ್ರ ಬಂದೀತು, ಅದನ್ನು ನಡೆಸುವವರು, ಚಿತ್ರವನ್ನು ಓದಬಲ್ಲ ತಜ್ಞರು, ಕೆಟ್ಟರೆ ರಿಪೇರಿ ಮಾಡುವವರು ಬೇಡವೆ? ಅಲ್ಲದೆ ನಮ್ಮ ದೇಶದಲ್ಲಿ ಈ ರೋಗ ಪಾಶ್ಚಾತ್ಯ ದೇಶಗಳಿಗಿಂತ ಸುಮಾರು ಹತ್ತು ವರ್ಷ ಎಳೆಯ ವಯಸ್ಸಿನಲ್ಲಿ ಕಾಣಿಸುತ್ತದೆ. ಎಳೆಯ ವಯಸ್ಸಿನ ಸ್ತನದ ದಟ್ಟವಾದ ಅಂಗಾಂಶದಲ್ಲಿ ಆ ಚಿತ್ರ ಅಷ್ಟು ಸ್ಪಷ್ಟವಾಗಿ ಬರುವುದಿಲ್ಲ. ಹಾಗಾದರೆ ಬಡ ಸೀಮೆಗೆ ಬೇರೆ ಉಪಾಯವೇ ಇಲ್ಲವೆ?

ಉಂಟು. ಅದು ಕಲಿತ ಕೈ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ೧೯೯೮ರಲ್ಲಿ ಒಂದು ದೊಡ್ಡ ಪ್ರಯೋಗವನ್ನು ಆರಂಭಿಸಿದರು. ಅಲ್ಲಿಯ ಕೊಳಚೆ ಪ್ರದೇಶಗಳಲ್ಲಿದ್ದ, ೩೫ರಿಂದ ೬೪ ವರ್ಷ ವಯಸ್ಸಿನ ೧,೫೧,೫೩೮ ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆಯಂತೆ ನಾಲ್ಕು ಸಲ ಕೈಯಿಂದ ಪರೀಕ್ಷಿಸಿದರು. ಆ ಕಾರ್ಯಕರ್ತೆಯರು ಡಾಕ್ಟರುಗಳಲ್ಲ; ಶಾಲೆ ಓದಿ ಈ ಕೆಲಸವನ್ನು ಕಲಿತ ಹೆಂಗಸರು. ಇಪ್ಪತ್ತು ವರ್ಷಗಳ ಲೆಕ್ಕ ೨೦೨೧ರಲ್ಲಿ ಹೊರಬಂದಿತು. ಪರೀಕ್ಷೆಗೆ ಒಳಗಾದ ಗುಂಪಿನಲ್ಲಿ ರೋಗ ಮುಂದುವರಿದ ಮೇಲೆ ಪತ್ತೆಯಾದವರು ನೂರಕ್ಕೆ ೩೭. ಇನ್ನೊಂದು ಗುಂಪಿನಲ್ಲಿ ೪೭. ಐವತ್ತು ದಾಟಿದವರಲ್ಲಿ ಈ ರೋಗದ ಸಾವು ನೂರಕ್ಕೆ ಸುಮಾರು ಮೂವತ್ತರಷ್ಟು ಇಳಿಯಿತು. ಐವತ್ತಕ್ಕೆ ಕೆಳಗಿನವರಲ್ಲಿ ಸಾವಿನ ಇಳಿತ ಖಚಿತವಾಗಿ ಕಾಣಲಿಲ್ಲವೆಂಬುದನ್ನೂ ಮರೆಮಾಚಬಾರದು. ಆದರೂ ವಿದ್ಯುತ್ತಿಲ್ಲದೆ, ಯಂತ್ರವಿಲ್ಲದೆ, ಬರಿಯ ಕೈಯಿಂದ ಇಷ್ಟು ಸಾಧ್ಯವಾಯಿತೆಂಬುದು ಬಡ ಸೀಮೆಗಳಿಗೆ ದೊರೆತ ದೊಡ್ಡ ಧೈರ್ಯ.

ಇಂಥ ಕೈ ಹುಡುಕಿಕೊಂಡು ಲಿಂಗಸುಗೂರಿನವರು ಮುಂಬಯಿಗೆ ಹೋಗಬೇಕಾಗಿಲ್ಲ. ೨೦೧೬ರ ಕೇಂದ್ರ ಸರಕಾರದ ಮಾರ್ಗಸೂಚಿಯಂತೆ ಮೂವತ್ತು ದಾಟಿದ ಪ್ರತಿಯೊಬ್ಬ ಹೆಣ್ಣುಮಗಳ ಸ್ತನ ಪರೀಕ್ಷೆ ಐದು ವರ್ಷಕ್ಕೊಮ್ಮೆ ಊರ ಸಮೀಪದ ಆರೋಗ್ಯ ಕೇಂದ್ರದಲ್ಲಿಯೇ ಆಗಬೇಕು. ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯ ಪ್ರಶ್ನೆಪಟ್ಟಿಯಲ್ಲಿ ಎದೆಯ ಗಂಟಿನ ಪ್ರಶ್ನೆಯೂ ಇದೆ. ೨೦೨೪ರಲ್ಲಿ ಕೋಲಾರ ಜಿಲ್ಲೆಯಿಂದ ಆರಂಭವಾದ ರಾಜ್ಯದ ಗೃಹ ಆರೋಗ್ಯ ಯೋಜನೆಯಲ್ಲಿಯೂ ಈ ತಪಾಸಣೆ ಸೇರಿದೆ. ಕಾಗದದಲ್ಲಿ ಎಲ್ಲವೂ ಇದೆ. ಆದರೆ ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ೩೦ರಿಂದ ೪೯ ವರ್ಷದ ಭಾರತೀಯ ಹೆಂಗಸರಲ್ಲಿ ಒಮ್ಮೆಯಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ೦.೯. ನೂರು ಮಂದಿಯಲ್ಲಿ ಒಬ್ಬಳೂ ಇಲ್ಲವೆಂದಾಯಿತು.

ಏಕೆ ಹೀಗೆ? ಕಾರ್ಯಕರ್ತೆಯರ ತಲೆಯ ಮೇಲಿನ ಕೆಲಸದ ಹೊರೆ ಒಂದು ಕಾರಣ. ಉಪಕೇಂದ್ರದಲ್ಲಿ ಮರೆಯಾಗಿ ಕುಳಿತುಕೊಳ್ಳಲು ಒಂದು ಪರದೆಯೂ ಇಲ್ಲದಿರುವುದು ಇನ್ನೊಂದು. ಮೂರನೆಯದು ನಾಚಿಕೆ, ಅದು ಮಾತಿನಲ್ಲಿಯೇ ಅಡಗಿದೆ. ಸ್ತನವೆಂಬ ಶಬ್ದ ಪುಸ್ತಕದ್ದು. ಮನೆಯಲ್ಲಿ ಅದನ್ನು ಯಾರೂ ಆಡುವುದಿಲ್ಲ. ಎದೆ ಎನ್ನುತ್ತಾರೆ, ಡಾಕ್ಟರು ಎದೆಯೆಂದು ಕೇಳಿ ಉಸಿರಾಟದ ನಳಿಗೆಯನ್ನಿಟ್ಟು ನೋಡಿ, ಕೆಮ್ಮಿನ ಔಷಧಿ ಬರೆದು ಕಳಿಸಿದರೂ ಕಳಿಸಿಯಾರು. ಹೇಳಬೇಕಾದವಳು ಬಾಯಿ ತೆರೆಯುವುದಿಲ್ಲ; ಕೇಳಬೇಕಾದವನು ಬಿಡಿಸಿ ಕೇಳುವುದಿಲ್ಲ. ನಾಲ್ಕನೆಯದು ಭಯ. ಸೂಜಿ ಚುಚ್ಚಿದರೆ ರೋಗ ಮೈಯೆಲ್ಲ ಹರಡುತ್ತದೆಂದೂ, ಮುಟ್ಟಿದರೆ ಅಂಟುತ್ತದೆಂದೂ, ಮಗಳಿಗೆ ಗಂಡು ಸಿಗುವುದಿಲ್ಲವೆಂದೂ, ಎದೆಯನ್ನೇ ಕೊಯ್ದುಬಿಡುತ್ತಾರೆಂದೂ ಹೆದರಿಕೆ. ತುಣುಕು ಪರೀಕ್ಷೆಯಿಂದ ರೋಗ ಹರಡುತ್ತದೆಂಬುದು ಸುಳ್ಳು, ಅದು ಅಂಟುರೋಗವಲ್ಲ, ಹೆಚ್ಚಿನವರಿಗೆ ವಂಶದಿಂದ ಬಂದದ್ದೂ ಅಲ್ಲ. ಗಂಟು ಚಿಕ್ಕದಿರುವಾಗ ಬಂದರೆ ಎಷ್ಟೋ ಮಂದಿಗೆ ಸ್ತನವನ್ನು ಉಳಿಸಿ ಗಂಟನ್ನಷ್ಟೇ ತೆಗೆಯಬಹುದು. ಕೊಯ್ಯುತ್ತಾರೆಂಬ ಹೆದರಿಕೆಯಿಂದ ತಡಮಾಡಿದವಳಿಗೇ ಪೂರ್ತಿ ಕೊಯ್ಯಬೇಕಾಗಿ ಬರುತ್ತದೆ!

ವಿಶ್ವ ಆರೋಗ್ಯ ಸಂಸ್ಥೆ ೨೦೨೧ರಲ್ಲಿ ಆರಂಭಿಸಿದ ಸ್ತನ ಕ್ಯಾನ್ಸರ್ ಕಾರ್ಯಕ್ರಮವು ಎಲ್ಲ ದೇಶಗಳ ಮುಂದೆ ಮೂರು ಗುರಿಗಳನ್ನಿಟ್ಟಿದೆ. ರೋಗಿಗಳಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಮಂದಿಯ ರೋಗ ಮೊದಲೆರಡು ಹಂತಗಳಲ್ಲಿಯೇ ಪತ್ತೆಯಾಗಬೇಕು. ಮೊದಲ ಸಲ ಆಸ್ಪತ್ರೆಗೆ ಬಂದ ದಿನದಿಂದ ೬೦ ದಿನಗಳೊಳಗೆ ರೋಗನಿರ್ಣಯ ಮುಗಿಯಬೇಕು. ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಚಿಕಿತ್ಸೆಯನ್ನು ಪೂರ್ತಿ ಮಾಡಬೇಕು. ಇವುಗಳಲ್ಲಿ ಯಾವುದಕ್ಕೂ ತಾಲೂಕಿನಲ್ಲಿ ಅರಮನೆಯಂಥ ಆಸ್ಪತ್ರೆ ಬೇಕಾಗಿಲ್ಲ. ಬೇಕಾದುದು ಮರೆಯುಳ್ಳ ಒಂದು ಕೋಣೆ, ಕಲಿತ ಒಬ್ಬ ನರ್ಸಮ್ಮ, ವಾರಕ್ಕೊಂದು ನಿಶ್ಚಿತ ದಿನ ತಾಲೂಕು ಆಸ್ಪತ್ರೆಯಲ್ಲಿ ಸೂಜಿಯಿಂದ ತುಣುಕು ತೆಗೆಯುವ ಏರ್ಪಾಡು, ತೆಗೆದ ತುಣುಕು ಜಿಲ್ಲೆಗೆ ಹೋಗಿ ವರದಿ ತಾಲೂಕಿಗೇ ಮರಳುವ ವ್ಯವಸ್ಥೆ. ರೋಗಿಣಿಯ ಬದಲು ಸೀಸೆ ಪ್ರಯಾಣ ಮಾಡಲಿ. ಎರಡು ಮೂರು ದಿನದ ಕೂಲಿ ಅಷ್ಟರಲ್ಲಿಯೇ ಉಳಿಯುತ್ತದೆ. ಇನ್ನೂ ಒಂದು ಬೇಕು: ಗಂಟು ಕಂಡವಳ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದುಕೊಂಡು, ಬರಬೇಕಾದ ದಿನ ಬಾರದಿದ್ದರೆ ಮನೆಗೆ ಹೋಗಿ “ಯಾಕವ್ವಾ, ಬರಲಿಲ್ಲ?” ಎಂದು ಕೇಳುವ ಒಂದು ಜೀವ. ಬಾಣಂತಿಯ ಹೆಸರನ್ನೂ ಕೂಸಿನ ಚುಚ್ಚುಮದ್ದಿನ ದಿನವನ್ನೂ ಇದೇ ಕಾರ್ಯಕರ್ತೆಯರು ವರ್ಷಗಟ್ಟಲೆ ಹೀಗೆಯೇ ನೋಡಿಕೊಂಡು ಬಂದಿದ್ದಾರೆ. ಈ ಕೆಲಸ ಅವರಿಗೆ ಬಾರದ್ದಲ್ಲ; ಅದಕ್ಕೆ ತಕ್ಕ ಸಂಬಳ, ಬಿಡುವು ಕೊಟ್ಟು ಹೇಳಬೇಕಷ್ಟೆ.

ಮಸ್ಕಿಯ ಬೆಟ್ಟದಲ್ಲಿ ೧೯೧೫ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವನ್ನು ಈ ಸೀಮೆಯ ಶಾಲೆಯ ಮಕ್ಕಳೆಲ್ಲ ಬಲ್ಲರು. ದೇವಾನಾಂಪ್ರಿಯನೆಂಬವನು ಅಶೋಕನೇ ಎಂದು ಲೋಕಕ್ಕೆ ಖಚಿತಪಡಿಸಿದ ಕಲ್ಲು ಅದು. ಶ್ರೇಯಸ್ಸು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಾಮಾನ್ಯನೂ ಅದನ್ನು ಪಡೆಯಬಲ್ಲನೆಂಬುದು ಅದರ ತಾತ್ಪರ್ಯ. ಅವನು ಹೇಳಿದ್ದು ಧರ್ಮದ ಮಾತು. ಆದರೆ ವೈದ್ಯಕ್ಕೂ ಅದು ಸಲ್ಲದೆ ಇಲ್ಲ. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಎರಡು ಸಾವಿರ ಅಡಿಗಿಂತ ಕೆಳಗೆ ಇಳಿದು, ಕಲ್ಲನ್ನು ಒಡೆದು, ಅದರೊಳಗಿನ ಕಣದಷ್ಟು ಚಿನ್ನವನ್ನು ಹುಡುಕಿ ತೆಗೆಯುತ್ತಾರೆ. ಅಷ್ಟು ಶ್ರಮಪಡಬಲ್ಲ ಸೀಮೆಗೆ, ಬೆರಳಿಗೆ ಸಿಗುವ ಗಂಟೊಂದನ್ನು ಸಕಾಲದಲ್ಲಿ ಹುಡುಕುವುದು ಆಗದ ಕೆಲಸವಲ್ಲ.

ಸರಕಾರ ಮಾಡಬೇಕಾದುದನ್ನು ಸರಕಾರ ಮಾಡಲಿ. ಕೇಳುವವರು ಕೇಳುತ್ತಲೇ ಇರಲಿ. ಆದರೆ ಎಲ್ಲಕ್ಕಿಂತ ಮೊದಲಿನ ಬಾಗಿಲು ಮನೆಯಲ್ಲಿಯೇ ಇದೆ. ಅದರ ಬೀಗದ ಕೈ ನೆಗೆಣ್ಣಿಯ, ಅತ್ತೆಯ, ಗಂಡನ ಮಾತಿನಲ್ಲಿದೆ. ಹೊಲದ ಹಾದಿಯಲ್ಲಿ ಆ ಹೆಣ್ಣುಮಗಳು ಮೆಲ್ಲಗೆ ಹೇಳಿದಾಗ, ಹಿರಿಯಳು ಕೇಳುವ ಪ್ರಶ್ನೆ ಅದೇ ಇರಲಿ. ಉತ್ತರ ಕೇಳಿದ ಮೇಲೆ ಆಡುವ ಮಾತು ಮಾತ್ರ ಬದಲಾಗಲಿ.

“ನೋಯ್ತದೇನು?”

“ಇಲ್ಲ, ನೋವೇನೂ ಇಲ್ಲ.”

“ನೋವಿಲ್ಲೇನು? ಹಂಗಾದ್ರ ನಾಳೀನ ನರ್ಸಮ್ಮನ ಹತ್ರ ಹೋಗೂಣು ನಡಿ. ನಾನೂ ಬರ್ತೀನಿ. ಹತ್ತಿ ಎಲ್ಲಿಗೂ ಓಡಿ ಹೋಗಂಗಿಲ್ಲ.”